ನೀಲಿ ಕಾಗದ

ಕಿವಿಯ ಮುಂದೆ ಟಕ್ ಅನ್ನುತ್ತದೆ
ಬಾಯಿ ತೆರೆದಾಗೆಲ್ಲ,
ಮಂಡಿ ಮೊಹಲ್ಲಾದ ನನ್ನಂಗಡಿಯ
ಹಳೇ ಪೆಟ್ಟಿಗೆಯ ಕೀಲಿನ ಹಾಗೆ.

ಮೂವತ್ತೆಂಟು ವರ್ಷ ಕೂರಿಸಿದ್ದೇನೆ
ಬೀಟೆಯೊಳಗೆ ಸಂಪಿಗೆ, ಸಂಪಿಗೆಯೊಳಗೆ ಹಲಸು,
ಆನೆಯ ಕಣ್ಣು, ನವಿಲಿನ ಕುತ್ತಿಗೆ,
ಉಗುರು ಎಲ್ಲೂ ತಡೆಯದಂತೆ.
ನನ್ನ ಬಾಯಿಯ ಸಂದು ಮಾತ್ರ
ಹುಟ್ಟಿದಾಗಿನಿಂದ ಎಡಕ್ಕೆ ಓರೆ.

ನೀಲಿ ಕಾಗದ ಹಲ್ಲಿನ ನಡುವಿಟ್ಟು
'ಕಚ್ಚಿ, ಇಸಾಕ್ ಸಾಹೇಬ್ರೇ' ಅಂದರು ಡಾಕ್ಟರಮ್ಮ ನಳಿನಾಕ್ಷಿ.
ಎಡದಲ್ಲಿ ಚುಕ್ಕಿ ಗಾಢ. ಬಲದಲ್ಲಿ ಏನಿಲ್ಲ.

'ಅಷ್ಟೇ ತಾನೆ? ಅರ ಕೊಡಿ, ನಾನೇ ತೀಡ್ತೀನಿ.'
ನಗಲಿಲ್ಲ ಅವರು.
'ಈ ಓರೆಗೆ ಐವತ್ತೈದು ವರ್ಷ,
ನೋವಿಗೆ ಮೂರು ತಿಂಗಳು.
ತಪ್ಪೆಲ್ಲ ಹಲ್ಲಿನ ಮೇಲೇ ಹೊರಿಸಬೇಡಿ.
ರಾತ್ರಿ ಹಲ್ಲು ಕಡೀತೀರಾ?'

ಮೂರು ತಿಂಗಳು.
ತಮ್ಮ ನೂರುದ್ದೀನ್ ನಡುವೆ ಗೋಡೆ ಎಬ್ಬಿಸಿ
ಅಬ್ಬಾಜಾನರ ಗರಗಸ ಒಯ್ದು.
ದೊಡ್ಡವನಲ್ಲವೇ, ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.
ಬರೀ ಮಾತಿನ ಮಾತು ಅಂದುಕೊಂಡಿದ್ದೆ ಅದನ್ನ,
ದವಡೆ ರಾತ್ರಿಯಿಡೀ
ಅಕ್ಷರಶಃ ನಡೆಸುತ್ತಿತ್ತು.

ಈಗ ದಿಂಬಿನ ಪಕ್ಕ ಪ್ಲಾಸ್ಟಿಕ್ಕಿನ ಅಚ್ಚು,
ಊಟಕ್ಕೆ ಗಂಜಿ, ಕೆನ್ನೆಗೆ ಬಿಸಿಬಟ್ಟೆ.
ಅರ ಅಂಗಡಿಯಲ್ಲೇ ಇದೆ.
ತೀಡಿದ್ದು ಮತ್ತೆ ಬೆಳೆಯೋಲ್ಲ,
ನನಗೆ ಹೇಳಬೇಕೆ.

'ತುಟಿ ಸೇರಿರಲಿ, ಹಲ್ಲು ಬಿಟ್ಟಿರಲಿ' ಅಂದಿದ್ದರು.
ಇವತ್ತು ಬೆಳಿಗ್ಗೆ ಗೋಡೆಯಾಚೆ
ಮರ ಕಿರುಚುವುದು ಕೇಳಿ
ತುಟಿಯನ್ನೂ ಬಿಟ್ಟೆ:
'ನೂರೂ, ಅಲಗು ಮೊಂಡಾಗಿದೆ, ತಾ ಇಲ್ಲಿ.'

ಟಕ್ ಅಂತು.
ನೋಯಿತು, ಒಂಚೂರು.
ಆ ಕಡೆ ಗರಗಸ ನಿಂತಿತು.