ಹಿಡಿ

ಸುಪೀರಿಯರ್ ಸರೋವರದ ಈ ದಂಡೆಯಲ್ಲಿ
ಏಪ್ರಿಲ್ ಬಂದರೂ ಹಿಮ ಮೊಣಕಾಲುದ್ದ.
ಎತ್ತಿ ಹಾಕದೆ ಬಾಗಿಲು ತೆರೆಯುವುದಿಲ್ಲ.
ಎತ್ತುವವರ ಕೈಗೆ ನೂರು ವರ್ಷ
ಹಿಡಿ ಮಾಡಿಕೊಟ್ಟಿತು ಹಾಪಾಲಾ ಮನೆತನ,
ಸಲಿಕೆಗೆ, ಕೊಡಲಿಗೆ, ಗುದ್ದಲಿಗೆ.
ಹುಳು ಬಿದ್ದು ಆ್ಯಶ್ ಮರ ಒಣಗಿದವು,
ಕಾರ್ಖಾನೆ ಮಾರಿದರು,
ಹಣ ಮಾತ್ರ ಉಳಿದು ದತ್ತಿಯಾಯಿತು.
ವರ್ಷಕ್ಕೆ ನೂರಕ್ಕೆ ಐದಾದರೂ ಕೊಡಲೇಬೇಕು, ಕಾನೂನು.
ಉಳಿದ ತೊಂಬತ್ತೈದು
ಎಲ್ಲೋ ಷಿಕಾಗೋದಲ್ಲಿ ಮರಿ ಹಾಕುತ್ತ ಕೂತಿರುತ್ತದೆ.

ನಾನು ಅಲ್ಲಿ ವಾರಕ್ಕೆರಡು ದಿನದ ಗುಮಾಸ್ತೆ.
ಲಕೋಟೆ ಒಡೆಯುವುದು, ನಡಾವಳಿ ಬರೆಯುವುದು,
ಕಾಫಿಯ ಜೊತೆಗೆ ಏಲಕ್ಕಿ ಬನ್ನು ತರುವುದು.

ಈ ಸಲ ಅರ್ಜಿ ಹದಿನೇಳು.
ಇರುವ ಹಣ ನಾಲ್ಕಕ್ಕೆ, ಎಳೆದರೆ ಐದಕ್ಕೆ.
ಊಟದ ಮೇಜಿನ ಸುತ್ತ ಮೂವರು:
ಎಂಬತ್ತಾರರ ಲೆಂಪಿ,
ಅವಳ ತಮ್ಮನ ಮಗ ರೇನೊ,
ಡೆನ್ವರಿನಿಂದ ಪರದೆಯೊಳಗೆ ಮೊಮ್ಮಗಳು ಬ್ರಿಟಾ,
ಹಿಂದೆ ಅವಳ ಬೆಕ್ಕು.

ಏಳನೆಯದು ವರ್ನಾ ಟಾಸ್ಕಿಲಳ ಅರ್ಜಿ.
ಚರ್ಚಿನ ನೆಲಮಾಳಿಗೆಯಲ್ಲಿ ಹಸಿದವರಿಗೆ ದಿನಸಿ ಕೊಡುವವಳು.
ಹೋದ ವರ್ಷ ನಾವು ಕೊಟ್ಟದ್ದು
ಆಳೆತ್ತರದ ಫ್ರೀಜರು, ಅದಕ್ಕೊಂದು ಹಿತ್ತಾಳೆ ಫಲಕ:
ಹಾಪಾಲಾ ಕುಟುಂಬದ ಕೊಡುಗೆ.
ಈ ವರ್ಷ ಅವಳು ಕೇಳಿದ್ದು ಕರೆಂಟು ಬಿಲ್ಲು,
ಒಬ್ಬನ ಅರ್ಧ ಸಂಬಳ.
ನಿರೀಕ್ಷಿತ ಫಲಿತಾಂಶ ಎಂಬ ಚೌಕದಲ್ಲಿ
ಪೆನ್ಸಿಲಿನಲ್ಲಿ ಬರೆದಿದ್ದಳು:
"ಫ್ರೀಜರು ತಣ್ಣಗಿರುತ್ತದೆ."

ರೇನೊ ಕನ್ನಡಕ ತೆಗೆದ.
ಬಿಲ್ಲಿಗೆ ಕೊಟ್ಟದ್ದು ನೀರಿಗೆ ಸುರಿದ ಹಾಗೆ, ಅಂದ,
ಮುಂದಿನ ವರ್ಷ ಮತ್ತೆ ಬರುತ್ತದೆ ಬಿಲ್ಲು.
ಕಣ್ಣಿಗೆ ಕಾಣುವಂಥದ್ದು ಏನಾದರೂ ಕೇಳಲಿ,
ವ್ಯಾನು, ಸೂರು, ಹೆಸರು ನಿಲ್ಲುವಂಥದ್ದು.
ಬ್ರಿಟಾ ಏನೋ ಹೇಳಿದಳು, ಮೈಕ್ ಆಫಾಗಿತ್ತು.

ಲೆಂಪಿ ಎದ್ದಳು. ಎದ್ದಳೆಂದರೆ
ಮೇಜು, ಕುರ್ಚಿ, ಗೋಡೆ ಹಿಡಿದು ಹಿಡಿದು ಹೋಗಿ
ಹಿಂಬಾಗಿಲಿನ ಸಲಿಕೆ ತಂದು
ಬನ್ನಿನ ತಟ್ಟೆ ಸರಿಸಿ ಮೇಜಿನ ಮೇಲೆಯೇ ಮಲಗಿಸಿದಳು.
ಹಿಮ ಕರಗಿ ಅರ್ಜಿ ಸಂಖ್ಯೆ ಎರಡು ಒದ್ದೆಯಾಯಿತು.
"ಓದು" ಅಂದಳು.
"ಏನಿದೆ ಓದಲಿಕ್ಕೆ?"
"ಅದೇ. ಅಪ್ಪ ಪ್ರತಿ ಹಿಡಿಗೂ ಕಾದ ಕಬ್ಬಿಣದಲ್ಲಿ
ನಮ್ಮ ಹೆಸರು ಒತ್ತಿಸುತ್ತಿದ್ದ,
ಇಲ್ಲಿ, ಅಂಗೈ ಕೂರುವ ಜಾಗದಲ್ಲೇ.
ಐದು ಚಳಿಗಾಲಕ್ಕೆ ಸವೆದುಹೋಗುತ್ತಿತ್ತು.
ಅಂಗಡಿಯವರು ದೂರಿದರೆ ನಗುತ್ತಿದ್ದ:
ಹೆಸರು ಉಳಿದಿದ್ದರೆ
ಆ ಸಲಿಕೆ ಗೋಡೆಗೊರಗಿದೆ ಅಂತ ಅರ್ಥ."

ನಡಾವಳಿಯಲ್ಲಿ ನಾನು ಬರೆದದ್ದು:
ಅರ್ಜಿ ಏಳು, ಮಂಜೂರು. ಪರ ಎರಡು, ವಿರುದ್ಧ ಒಂದು.
ಬರೆಯದೆ ಬಿಟ್ಟದ್ದು:
ಆ ಕಬ್ಬಿಣ ಒತ್ತುತ್ತಿದ್ದವನು ನನ್ನ ಅಪ್ಪ.
ಭಾನುವಾರದ ಅಂಗಿಯಲ್ಲೂ ಸುಟ್ಟ ಮರದ ವಾಸನೆ.
ಎಡಗೈ ಹೆಬ್ಬೆರಳಿಗೆ ಒಮ್ಮೆ
ಆ ಹೆಸರಿನ ಮೊದಲಕ್ಷರ ತಾಗಿತ್ತು.
ಅದು ಸವೆಯಲಿಲ್ಲ,
ಅವನ ಜೊತೆಗೇ ಮಣ್ಣಿಗೆ ಹೋಯಿತು.

ಸಂಜೆ ಕೂತು ಹನ್ನೆರಡು ಪತ್ರ ಟೈಪು ಮಾಡಿದೆ.
ಮಕ್ಕಳ ನಾಟಕದ ಪರದೆಗೆ ವಿಷಾದ.
ಮುದುಕರ ಮೆಟ್ಟಿಲಿನ ಹಿಮ ತೆಗೆಯುವ ಹುಡುಗರಿಗೆ ವಿಷಾದ;
ಅವರು ಕೇಳಿದ್ದು ಎಂಟು ಸಲಿಕೆ,
ಗಡುವು ದಾಟಿ ಬಂದಿತ್ತು.
ಕೊಲ್ಲಿಯಾಚೆಯ ಒಜಿಬ್ವೆ ಬುಟ್ಟಿಗಾರ್ತಿ ಡೆಲ್ಫಿನ್‌ಗೆ ವಿಷಾದ,
ಹುಳು ಮುಗಿಸುವ ಮೊದಲು
ಒಂದು ಹಿಡಿ ಕರಿ ಆ್ಯಶ್ ಬೀಜ
ಎತ್ತಿಡಲಿಕ್ಕೆ ಕೇಳಿದ್ದಳು.
ಅರ್ಜಿಯ ಮಡಿಕೆಯೊಳಗೆ ಬುಟ್ಟಿ ಹೆಣೆವ ಒಂದು ಸೀಳು,
ಕೊಡಲಿಗೆ ಕಾವಾಗಿ ಕುಲ ಕಡಿಸಿದ ಮರದ
ಹತ್ತಿರದ ನಂಟು.
ಅದನ್ನು ವಾಪಸು ಕಳಿಸಬೇಕೋ, ಫೈಲಿಗೆ ಹಾಕಬೇಕೋ,
ನಿಯಮಾವಳಿಯಲ್ಲಿ ಇಲ್ಲ.
ಡ್ರಾಯರು ತೆರೆದೆ, ಮುಚ್ಚಿದೆ.
ಹೊರಗೆ ಮತ್ತೆ ಹಿಮ ಶುರುವಾಗಿತ್ತು.
ಸೀಳನ್ನು ಮೂಸಿ ನೋಡಿದೆ.
ಹನ್ನೊಂದು ಲಕೋಟೆ ಅಂಟಿಸಿ ಆಗಿದೆ.