ಸಿಪ್ಪೆ

ಹಾಸನ, ಬಿ.ಎಂ. ರಸ್ತೆ, ಸ್ಕ್ಯಾನಿಂಗ್ ಕೋಣೆಯ ಕತ್ತಲು.
ಅವಳಿಗಳು: ಗಿಡ್ಡಮ್ಮ, ಗಿಡ್ಡೇಗೌಡ.
ಇಬ್ಬರ ಕತ್ತಿಗೂ ಅದೇ ತಣ್ಣನೆ ಜೆಲ್.

ಅವನ ರಕ್ತನಾಳದ ಗೋಡೆ
ಸೊನ್ನೆ ಪಾಯಿಂಟ್ ಒಂಬತ್ತು ಮಿಲಿಮೀಟರ್.
ಅವಳದು ಏಳು.
"ಅರ್ಧ ಗಳಿಗೆ ಮುಂಚೆ ಹುಟ್ಟಿದ್ದು ನಾನು.
ಇದರಲ್ಲಿ ಮಾತ್ರ ಇವನು ದೊಡ್ಡವನಾ?"

ಮುಟ್ಟು ನಿಂತು ಎಷ್ಟಾಯಿತು, ಕೇಳಿದೆ.
ತಮ್ಮ ಕ್ಯಾಲೆಂಡರಿನ ಕಡೆ ತಿರುಗಿದ.
"ಹೋದ ಬಿತ್ತನೆಗೆ."
ಇನ್ನು ನಿನ್ನದೂ ಓಡೋಡಿ ಅವನನ್ನು ಹಿಡಿಯುತ್ತೆ,
ಅನ್ನಲಿಲ್ಲ ನಾನು.

ಮೂವತ್ತು ವರ್ಷ ಮಂಡಿಯಲ್ಲಿ ಆಲೂಗಡ್ಡೆ ಆರಿಸಿದ ಕೈ
ತನ್ನ ಕತ್ತನ್ನು ತಾನೇ ಒತ್ತಿ ನೋಡಿತು.
"ಎಳೇದು ಉಗುರು ತಾಗಿದರೂ ಸುಲಿಯುತ್ತೆ.
ದಾಸ್ತಾನಿಂದಕ್ಕೇ ಸಿಪ್ಪೆ ದಪ್ಪ, ಮೇಡಂ."

ನನಗೆ ಈ ಆಷಾಢಕ್ಕೆ ನಲವತ್ತೆಂಟು.
ಅವರು ಹೋದ ಮೇಲೆ
ಬಾಗಿಲು ಹಾಕಿ,
ಉಳಿದ ಜೆಲ್ ನನ್ನ ಕತ್ತಿಗೆ.