ಎರಡು ಬೆರಳು ಕೆಳಗ

ಶಹಾಬಾದಿನ ಆ ಮನೆಯಲ್ಲಿ ನೆಲವೂ ಫರಸಿ, ಗೋಡೆಯೂ ಫರಸಿ.
"ಖುರ್ಚಿ ಬ್ಯಾಡ್ರಿ, ತಗಡಿಂದು ಅದ, ಸುಡ್ತದ"
ಎಂದು ಚಾಪೆ ಹಾಸಿದರು ಇಸಾಮೊದ್ದೀನ್ ಸಾಹೇಬರು.
ಸಿಮೆಂಟ್ ಕಂಪನಿಯ ವಾಲಿಬಾಲ್ ಟೀಮಿಗೆ
ಹದಿನಾಲ್ಕು ವರ್ಷ ಬಾಲ್ ಎತ್ತಿಕೊಟ್ಟವರು.
ಪಗಾರ ಸ್ಟೋರ್ಸ್ ಖಾತೆಯಲ್ಲಿ, ಕೆಲಸ ಕೋರ್ಟಿನಲ್ಲಿ.

ಫೋನು ರೆಕಾರ್ಡಿಗೆ ಹಚ್ಚಿ ನಡುವೆ ಇಟ್ಟೆ.
"ಇದಕ ಚಹಾ ಬ್ಯಾಡೇನ್ರಿ?" ಅಂದರು.

ನಾನು ಆಡಿದವಳಲ್ಲ. ಸ್ಕೋರರ್ ಮಾಣಿಕಪ್ಪನ ಮಗಳು.
ಅಪ್ಪ ಬಿಟ್ಟುಹೋದ ಹನ್ನೊಂದು ಸ್ಕೋರ್ ಪುಸ್ತಕಗಳಲ್ಲಿ
ಅಂಕಿ ಇವೆ, ಆಟ ಇಲ್ಲ.

"ಈ ಫೋಟೋ ನೋಡ್ರಿ. ನಾ ಎಲ್ಲಿದ್ದೀನಿ?
ಗಾಳ್ಯಾಗ ಹಾರಿದಾಂವ ಭೀಮಾಶಂಕರ.
ಆ ಮೂಲ್ಯಾಗ ಒಂದು ಮೊಣಕೈ ಅದಲ್ಲ, ಅದು ನಂದು.
ಇಪ್ಪತ್ತೆರಡು ಫೋಟೋದಾಗ ನನ್ನ ಮುಖ ಎರಡರಾಗ ಅದ,
ಒಂದರಾಗ ಕಣ್ಣು ಮುಚ್ಚೀನಿ."

"ಸೆಟ್ಟರ್ ಕೈಯಾಗ ಬಾಲ್ ನಿಂತ್ರ ಸೀಟಿ ಊದ್ತಾರ.
ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕ್ತಾರಲ್ಲ, ಹಂಗ.
ಹಿಡೀಬೇಕು, ಹಿಡೀಬಾರದು."

ತೋರಿಸಲೆಂದು ಕೈ ಎತ್ತಿದರು.
ಹತ್ತು ಬೆರಳೂ ಹತ್ತು ದಿಕ್ಕಿಗೆ.
ಅಂಗಿಯ ಗುಂಡಿ ಈಗ ಹೆಂಡತಿಯೇ ಹಾಕುತ್ತಾರೆ.
"ಉಪ್ಪು ಹಾಕಂದ್ರ ಅರ್ಧ ಡಬ್ಬಿ ಸುರೀತಾರ"
ಎಂಬ ಮಾತು ಒಳಗಿನಿಂದ ಬಂತು.

ಸೊಲ್ಲಾಪುರದ ಫೈನಲ್ ತೆಗೆದೆ. ಐದನೇ ಸೆಟ್,
ಹದಿಮೂರು ಹದಿನೈದು.
ಆ ಕೊನೆಯ ಅಂಕಿಯ ಪಕ್ಕ
ಅಪ್ಪ ಪೆನ್ನು ಒತ್ತಿದ್ದಕ್ಕೆ ಕಾಗದ ತೂತು ಬಿದ್ದಿದೆ.

ಅವರು ತೂತಿನ ಮೇಲೆ ಬೆರಳಿಟ್ಟರು.
ಒಂದು ಗೂಡ್ಸ್ ಗಾಡಿ ಹೋಯಿತು, ಪೂರ್ತಿ.
ರೆಕಾರ್ಡಿನಲ್ಲಿ ಅದು ಒಂದೂಮುಕ್ಕಾಲು ನಿಮಿಷ.

"ಆ ವರ್ಷ ಪರ್ಮನೆಂಟ್ ಪೋಸ್ಟ್ ಒಂದೇ ಇತ್ರಿ.
ಅವನಿಗ್ಯಾರ, ನನಗ್ಯಾರ.
ಎರಡು ಬೆರಳು ಕೆಳಗ ಕೊಟ್ಟೆ. ಎರಡೇ.
ಅಂಪೈರಿಗಿ ಕಾಣಲಿಲ್ಲ, ಕೋಚಿಗಿ ಕಾಣಲಿಲ್ಲ.
ನಿಮ್ಮಪ್ಪಗ ಕಂಡಿತ್ತೇನೋ.
ಬಾಲ್ ನೆಟ್ಟಿಗಿ ಬಡದು ನಮ್ಮ ಕಡೀಗೇ ಬಿತ್ತು."

"ಪೋಸ್ಟ್?"

"ಬಂತಲ್ಲ. ನನಗೇ ಬಂತು.
ಚಹಾ ಆರ್ಲತದ, ಕುಡೀರಿ."

ಮುಂದಿನ ವಾರ ವಾಡಿ.
ಸ್ಟೇಷನ್ ಹಿಂದೆ ಭೀಮಾಶಂಕರರ ಹಿಟ್ಟಿನ ಗಿರಣಿ.
ಹುಬ್ಬು, ಕಿವಿ, ಕ್ಯಾಲೆಂಡರು, ಎಲ್ಲದರ ಮೇಲೂ ಜೋಳದ ಹಿಟ್ಟು.
ಗಿರಣಿ ನಿಲ್ಲಿಸಲಿಲ್ಲ; ಬೆಲ್ಟಿನ ಸದ್ದಿನ ಮೇಲೆಯೇ ಮಾತು.

"ಕಂಪನಿ ದಿನಾ ಎರಡು ತತ್ತಿ ಕೊಡ್ತಿತ್ತು.
ನಾ ತಿನ್ನಾಂವಲ್ಲ, ಇಸಾಮಗ ಕೊಡ್ತಿದ್ದೆ.
ನಾಕು ತತ್ತಿ ತಿಂದು ನನಗ ಬಾಲ್ ಎತ್ತಿಕೊಡ್ತಿದ್ದ.
ಅಂದ್ರ ಆ ಬಾಲಿನಾಗ ನನ್ನ ಹಕ್ಕೂ ಇತ್ತಲ್ರಿ?"
ಒಬ್ಬರೇ ಬಹಳ ಹೊತ್ತು ನಕ್ಕರು.
ಒಬ್ಬ ಹುಡುಗ ಡಬ್ಬಿ ತಂದ. ಐದು ಕಿಲೋ ಗೋಧಿ.
ತೂಗಿದರು, ಸುರಿದರು, ಮರೆತರೇನೋ ಅಂದುಕೊಂಡೆ.

"ಸೊಲ್ಲಾಪುರದ್ದು ಕೇಳ್ತೀರಿ. ಛೊಲೋ ಬಾಲ್ ಅದು.
ಅಂಥಾದು ಮತ್ತ ಬರಲಿಲ್ಲ.
ನಾನೇ ಏಳಲಿಲ್ಲ.
ಮೊಣಕಾಲು ಅದರ ಹಿಂದಿನ ತಿಂಗಳೇ ಹೋಗಿತ್ತು.
ಪರ್ಮನೆಂಟ್ ಆಗೋದಿತ್ತು, ಯಾರಿಗಿ ಹೇಳ್ಲಿ?
ಒಂದು ಗೇಣು ಕಡಿಮಿ ಹಾರಿದೆ."

ನನ್ನ ಬಾಯಿಗೆ ಏನೋ ಬಂತು. ಹಿಟ್ಟಿನ ಜೊತೆ ನುಂಗಿದೆ.

"ಅವನಿಗಿ ಹೇಳ್ಬ್ಯಾಡ್ರಿ.
ನನ್ನ ಬಾಲ್ ಹಾಳು ಮಾಡ್ದಿ ಅಂತ ಈ ವಯಸ್ಸಿನಾಗ ಬೈತಾನ.
ಅಂವನ ಬೆರಳು ಹ್ಯಾಂಗವ?"

ಗುಂಡಿ ಹಿಡಿಯಲಾರರು, ಅಂದೆ.

ಗಿರಣಿ ಬಂದ್ ಮಾಡಿದರು ಆಗ.
ಮಾಡಿನಿಂದ ಒಂದು ಬಾಟಲಿ ಇಳಿಸಿ ಅಂಗಿಗೆ ಒರೆಸಿದರು.
"ಮೊಣಕಾಲಿಗಿ ಕೊಟ್ಟದ್ದು. ಹುಮನಾಬಾದಿನ ಔಷಧ.
ಬೆರಳಿಗೂ ನಡೀತದ ಅನ್ರಿ."

ವಾಡಿಯಿಂದ ಶಹಾಬಾದ್ ದೂರವಿಲ್ಲ.
ಆದರೂ ಆ ಸಂಜೆ ಇಳಿಯಲಿಲ್ಲ, ನೇರ ಕಲಬುರಗಿಗೆ ಬಂದೆ.
ಮನೆಯಲ್ಲಿ ಚೀಲ ತೆರೆದರೆ ಬಿರಡೆ ಸಡಿಲ.
ಎಣ್ಣೆ ಕುಡಿದ ಸ್ಕೋರ್ ಪುಸ್ತಕದ ಹಾಳೆ
ಆರಪಾರ ಕಾಣುತ್ತಿದೆ.
ಹಿಂದಿನ ಪುಟದಲ್ಲಿ ಗೆದ್ದ ಯಾವುದೋ ಪಂದ್ಯದ ಅಂಕಿಗಳು
ಉಲ್ಟಾ ತಿರುಗಿ ಸೋತದ್ದರ ಮೇಲೆ ಬಂದು ಕೂತಿವೆ.

ಬಾಟಲಿಯಲ್ಲಿ ಇನ್ನೂ ಅರ್ಧ ಉಳಿದಿದೆ.
ಶುಕ್ರವಾರ ಬೇಡ, ಅವರು ನಮಾಜಿಗೆ ಹೋಗಿರುತ್ತಾರೆ.
ಶನಿವಾರ ನೋಡಬೇಕು.